ಬೈಟ್‌ಕಾಸ್ಟಿಂಗ್ ರೀಲು, ರಾಡು: ಯಾವ ಲೂರ್‌ಗೆ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಕೆರೆ ಏರಿ ಮೇಲೆ ರಾಡ್ ಹಿಡಿದು ನಿಂತರೆ ಸಾಕು, ಯಾರಾದರೂ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ಮೊದಲ ಪ್ರಶ್ನೆ, "ಮೀನು ಬಿತ್ತಾ?" ಎರಡನೆಯದು, "ಇದಕ್ಕೆಲ್ಲ ಎಷ್ಟಾಯ್ತು?" ಮೂರನೆಯದೇ ನಿಜವಾದ ಪ್ರಶ್ನೆ: "ನಾನೂ ಒಂದು ತಗೋಬೇಕು, ಯಾವುದು ತಗೊಳ್ಳಲಿ?" ಅದಕ್ಕೆ ಏರಿ ಮೇಲೆ ನಿಂತು ಉತ್ತರ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಎರೆಹುಳು ಚುಚ್ಚಿ, ಬೆಂಡು ಬಿಟ್ಟು ಕೂರುವ ಗಾಳದ ವಿಷಯ ಇಲ್ಲಿಲ್ಲ. ಇದು ಲೂರ್, ಅಂದರೆ ನಕಲಿ ಮೀನು, ನಕಲಿ ಕಪ್ಪೆ ಎಸೆದು ಎಳೆಯುವವರಿಗೆ.

ಬೈಟ್‌ಕಾಸ್ಟಿಂಗ್ ರೀಲ್‌ಗೂ ಮಾಮೂಲಿ ಸ್ಪಿನ್ನಿಂಗ್ ರೀಲ್‌ಗೂ ಏನು ವ್ಯತ್ಯಾಸ?

ಸ್ಪಿನ್ನಿಂಗ್ ರೀಲ್ ರಾಡ್‌ನ ಕೆಳಗೆ ನೇತಾಡುತ್ತದೆ. ಎಸೆಯುವಾಗ ಅದರ ಸ್ಪೂಲ್, ಅಂದರೆ ದಾರ ಸುತ್ತಿರುವ ಉರುಳೆ, ತಿರುಗುವುದಿಲ್ಲ. ದಾರ ಸುರುಳಿ ಸುರುಳಿಯಾಗಿ ಅಂಚಿನಿಂದ ಜಾರಿ ಹೋಗುತ್ತದೆ. ಬೈಟ್‌ಕಾಸ್ಟಿಂಗ್ ರೀಲ್ ರಾಡ್‌ನ ಮೇಲೆ ಕೂರುತ್ತದೆ. ಎಸೆದಾಗ ಸ್ಪೂಲೇ ತಿರುಗುತ್ತದೆ.

ಗಾಳಿಪಟದ ದಾರ ಸುತ್ತಿದ ರಾಟೆ ನೆನಪಿದೆಯಾ? ಪಟ ಜೋರಾಗಿ ಎಳೆಯುವಾಗ ರಾಟೆ ಗರಗರ ತಿರುಗುತ್ತದೆ. ಪಟ ಥಟ್ಟನೆ ಸುಮ್ಮನಾದರೂ ರಾಟೆ ಸುಮ್ಮನಾಗುವುದಿಲ್ಲ. ಬೇಡದ ದಾರವೆಲ್ಲ ಹೊರಗೆ ಬಂದು ಕಾಲಿಗೆ ತೊಡರುತ್ತದೆ. ಬೈಟ್‌ಕಾಸ್ಟರ್‌ನ ಎಲ್ಲ ಸುಖ, ಎಲ್ಲ ಕಷ್ಟ ಇಷ್ಟರಲ್ಲೇ ಇದೆ. ಸ್ಪೂಲ್ ನಿಮ್ಮ ಹೆಬ್ಬೆರಳಿನ ಕೆಳಗೇ ಇರುವುದರಿಂದ ಲೂರ್ ಅನ್ನು ಬೇಕಾದ ಜಾಗದಲ್ಲಿ ಇಳಿಸಬಹುದು. ದಪ್ಪ ದಾರ, ಭಾರದ ಲೂರ್ ಎರಡನ್ನೂ ಅದು ಆರಾಮಾಗಿ ತಡೆಯುತ್ತದೆ. ಹೆಬ್ಬೆರಳು ಮೈಮರೆತರೆ ಮಾತ್ರ ದಾರ ಸಿಕ್ಕುಸಿಕ್ಕಾಗಿ ಗೂಡು ಕಟ್ಟುತ್ತದೆ.

ಒಂದು ತಮಾಷೆ: ಈ ರೀಲಿನ ವಂಶದಲ್ಲಿ ಗಡಿಯಾರದವರೇ ಜಾಸ್ತಿ. ಅಮೆರಿಕದ ಕೆಂಟಕಿಯಲ್ಲಿ 19ನೇ ಶತಮಾನದ ಆರಂಭದಲ್ಲಿ ಗೇರ್ ಇರುವ ಕಾಸ್ಟಿಂಗ್ ರೀಲ್ ಮಾಡಿದ ಜಾರ್ಜ್ ಸ್ನೈಡರ್ ಗಡಿಯಾರ ರಿಪೇರಿಯವನು. ಸ್ವೀಡನ್ನಿನ ಆಬು ಕಂಪನಿ 1921ರಲ್ಲಿ ಶುರುವಾಗಿದ್ದು ಗಡಿಯಾರದ ಕಾರ್ಖಾನೆಯಾಗಿ. ಅದರ ಹೆಸರಾಂತ ದುಂಡನೆಯ ಅಂಬಾಸಡರ್ ರೀಲ್ ಬಂದದ್ದು 1952ರಲ್ಲಿ. ಒಳಗೆ ಬಿಚ್ಚಿ ನೋಡಿದರೆ ಆ ನಂಟು ಗೊತ್ತಾಗುತ್ತದೆ.

ನನಗೆ ಇದು ನಿಜವಾಗಿ ಬೇಕಾ?

ನಿಮ್ಮ ಡಬ್ಬಿಯಲ್ಲಿರುವ ಲೂರ್‌ಗಳು ಹೆಚ್ಚಿನವು 7 ಗ್ರಾಂಗಿಂತ ಕಡಿಮೆ ಇದ್ದರೆ ಬೇಡ. ಸ್ಪಿನ್ನಿಂಗ್ ಸೆಟ್‌ನಲ್ಲೇ ಇರಿ. 10 ಗ್ರಾಂ ಮೇಲಿನವೇ ಜಾಸ್ತಿ ಇದ್ದರೆ, ಜೊಂಡು, ತಾವರೆ ಎಲೆ, ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ಮಧ್ಯೆ ಎಸೆಯುವವರಾದರೆ, ಬೇಕು.

ಮೊದಲು ರಾಡ್ ಕೊಳ್ಳಲಾ, ರೀಲ್ ಕೊಳ್ಳಲಾ?

ಎರಡೂ ಅಲ್ಲ, ಮೊದಲು ಲೂರ್. ಬಹಳ ಜನ ತಪ್ಪುವುದು ಇಲ್ಲೇ. ರೀಲ್ ನೋಡಲು ಚೆಂದ, ಹಿಡಿಕೆ ತಿರುಗಿಸಿದರೆ ರೇಷ್ಮೆ ಥರ ಓಡುತ್ತದೆ, ಕೊಂಡುಬಿಡುತ್ತಾರೆ. ಆಮೇಲೆ ಅದಕ್ಕೆ ಹೊಂದುವ ರಾಡ್ ಹುಡುಕುತ್ತಾರೆ. ಕೊನೆಗೆ ಲೂರ್. ಇದು ಚಪ್ಪಲಿ ಕೊಂಡು ಆಮೇಲೆ ಕಾಲು ಅಳೆದ ಹಾಗೆ.

ನಾನೂ ಹಾಗೇ ಮಾಡಿದವನು. ಮೊದಲ ಸಲ ಆನ್‌ಲೈನಿನಲ್ಲಿ ಹೆವಿ ರಾಡ್ ತರಿಸಿದೆ, "ಗಟ್ಟಿ ಇದ್ದರೆ ಒಳ್ಳೆಯದಲ್ವಾ" ಅಂತ. ಜೇಬಿನಲ್ಲಿದ್ದದ್ದು 8 ಗ್ರಾಂನ ಪುಟ್ಟ ಕಪ್ಪೆಗಳು. ರಾಡ್ ಬಾಗಲೇ ಇಲ್ಲ. ಒನಕೆ ಬೀಸಿದ ಹಾಗಿತ್ತು. ಲೂರ್ ಹತ್ತು ಮೀಟರ್ ಹೋಗಿ ಬಿತ್ತು, ದಾರ ಮಾತ್ರ ಇಪ್ಪತ್ತು ಮೀಟರಿನಷ್ಟು ಹೊರಬಂತು.

ಹಾಗಾಗಿ ಕ್ರಮ ಹೀಗಿರಲಿ. ನೀವು ಮುಕ್ಕಾಲು ಪಾಲು ಹೊತ್ತು ಎಸೆಯುವ ಲೂರ್ ಯಾವುದು? ಅದನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಆ ತೂಕಕ್ಕೆ ರಾಡ್, ರಾಡ್‌ಗೆ ರೀಲ್, ರೀಲ್‌ಗೆ ದಾರ.

ರಾಡ್ ಮೇಲೆ ಬರೆದಿರುವುದನ್ನು ಓದುವುದು ಹೇಗೆ?

ಹಿಡಿಕೆಯ ಸ್ವಲ್ಪ ಮೇಲೆ ಸಣ್ಣ ಅಕ್ಷರದಲ್ಲಿ ನಾಲ್ಕೈದು ವಿಷಯ ಇರುತ್ತದೆ: ಉದ್ದ, ಪವರ್, ಆಕ್ಷನ್, ದಾರದ ಬಲ, ಲೂರ್‌ನ ತೂಕ. ಕೊನೆಯದನ್ನು ಮೊದಲು ಓದಿ. ಅದು ಸಾಮಾನ್ಯವಾಗಿ ಔನ್ಸ್ ಲೆಕ್ಕದಲ್ಲಿರುತ್ತದೆ. ಒಂದು ಔನ್ಸ್ ಅಂದರೆ ಸುಮಾರು 28 ಗ್ರಾಂ. ಅರ್ಧ ಅಂದರೆ 14, ಕಾಲು ಅಂದರೆ 7. ಎಂಟರಲ್ಲಿ ಮೂರು ಪಾಲು, ಅಂದರೆ 3/8 ಎಂದು ಇದ್ದರೆ ಹತ್ತೂವರೆ ಗ್ರಾಂ.

10ರಿಂದ 28 ಗ್ರಾಂ ಎಂದು ಬರೆದಿದ್ದರೆ ಅದು ನಿಜವಾಗಿ ಖುಷಿಯಿಂದ ಎಸೆಯುವುದು ಮಧ್ಯದ 14ರಿಂದ 21 ಗ್ರಾಂ. ಎರಡೂ ತುದಿಗಳಲ್ಲಿ ಕೆಲಸ ನಡೆಯುತ್ತದೆ ಅಷ್ಟೇ.

ಪವರ್, ಆಕ್ಷನ್ ಎರಡೂ ಒಂದೇ ಅಲ್ವಾ?

ಅಲ್ಲ. ಪವರ್ ಎಂದರೆ ಬಾಗಿಸಲು ಎಷ್ಟು ಬಲ ಬೇಕು ಎನ್ನುವುದು. ಲೈಟ್, ಮೀಡಿಯಂ ಲೈಟ್, ಮೀಡಿಯಂ, ಮೀಡಿಯಂ ಹೆವಿ, ಹೆವಿ, ಹೀಗೆ ಏರುತ್ತದೆ. ಆಕ್ಷನ್ ಎಂದರೆ ಎಲ್ಲಿ ಬಾಗುತ್ತದೆ ಎನ್ನುವುದು. ತುದಿ ಮಾತ್ರ ಬಾಗಿ ಕೆಳಗೆ ಗಟ್ಟಿ ಉಳಿದರೆ ಫಾಸ್ಟ್. ಅರ್ಧದವರೆಗೂ ಬಾಗಿದರೆ ಮಾಡರೇಟ್. ಬುಡದವರೆಗೂ ಬಿಲ್ಲಿನಂತೆ ಬಾಗಿದರೆ ಸ್ಲೋ. ಹೆವಿ ರಾಡ್ ಮಾಡರೇಟ್ ಆಗಿರಬಹುದು, ಲೈಟ್ ರಾಡ್ ಫಾಸ್ಟ್ ಆಗಿರಬಹುದು.

ಒಂದು ಕಂಪನಿಯ ಮೀಡಿಯಂ ಹೆವಿ ಇನ್ನೊಂದು ಕಂಪನಿಯ ಮೀಡಿಯಂನಷ್ಟೇ ಇರಬಹುದು. ಇದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಅದಕ್ಕೇ ಹೆಸರಿಗಿಂತ ಗ್ರಾಂ ಲೆಕ್ಕವನ್ನು ನಂಬಿ ಅನ್ನುವುದು.

ಕಪ್ಪೆ ಲೂರ್‌ಗೆ ಯಾವ ಸೆಟ್?

ಕರ್ನಾಟಕದ ಕೆರೆಗಳಲ್ಲಿ ಲೂರ್ ಎಸೆಯುವವರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಯಾಕೆಂದರೆ ನಮ್ಮ ಕೆರೆಗಳ ರಾಜ ಕೊರವ. ಮುರ್ಲು, ಮುರ್ರೆಲ್, ಹೀಗೆ ಊರಿಗೊಂದು ಹೆಸರು. ಇದು ಗಾಳಿ ಕುಡಿಯಲು ಮೇಲೆ ಬರುವ ಮೀನು. ಕಳೆಯ ಕೆಳಗೆ ಹೊಂಚು ಹಾಕಿ ಕೂತು, ಮೇಲೆ ಓಡಾಡುವ ಕಪ್ಪೆಯನ್ನು ಬಾಂಬ್ ಸಿಡಿದ ಹಾಗೆ ಹೊಡೆಯುತ್ತದೆ.

ಕಪ್ಪೆ ಲೂರ್‌ನ ಹೊಟ್ಟೆ ಪೊಳ್ಳು. ಎರಡು ಕೊಕ್ಕೆಗಳು ಮೇಲ್ಮುಖವಾಗಿ ಬೆನ್ನಿಗೆ ಅಂಟಿಕೊಂಡಿರುತ್ತವೆ, ಹಾಗಾಗಿ ಅಂತರಗಂಗೆಯ ಮೇಲೂ ಸಿಕ್ಕಿಕೊಳ್ಳದೆ ಜಾರಿ ಬರುತ್ತದೆ. ಮೀನು ಕಚ್ಚಿದಾಗ ಹೊಟ್ಟೆ ಚಪ್ಪಟೆಯಾಗಿ ಕೊಕ್ಕೆ ಹೊರಬರಬೇಕು. ಅದು ಮೂಳೆಯಂಥ ಬಾಯಿಗೆ ಇಳಿಯಬೇಕು. ಅದೇ ಕ್ಷಣ ಮೀನನ್ನು ಕಳೆಯಿಂದ ಮೇಲೆತ್ತಬೇಕು. ಮೂರೂ ಕೆಲಸ ಒಂದೇ ಎಳೆತದಲ್ಲಿ ಆಗಬೇಕು. ಮೆತ್ತನೆಯ ರಾಡ್ ಆ ಎಳೆತವನ್ನೆಲ್ಲ ತಾನೇ ನುಂಗಿಬಿಡುತ್ತದೆ.

ಹಾಗಾಗಿ 6 ಅಡಿ 8 ಇಂಚಿನಿಂದ 7 ಅಡಿ 2 ಇಂಚಿನ ಮೀಡಿಯಂ ಹೆವಿ, ಫಾಸ್ಟ್ ರಾಡ್. ಕಳೆ ತುಂಬಾ ದಟ್ಟವಾಗಿದ್ದರೆ ಹೆವಿ. ರೀಲ್‌ನ ಗೇರ್ ರೇಶಿಯೋ (ಹಿಡಿಕೆಯ ಒಂದು ಸುತ್ತಿಗೆ ಸ್ಪೂಲ್ ಎಷ್ಟು ಸುತ್ತು ಎನ್ನುವುದು) 7:1 ಅಥವಾ ಅದಕ್ಕಿಂತ ಜಾಸ್ತಿ ಇರಲಿ, ಸಡಿಲವಾದ ದಾರವನ್ನು ಬೇಗ ಸುತ್ತಿಕೊಳ್ಳಬೇಕಲ್ಲ. ದಾರ 40ರಿಂದ 50 ಪೌಂಡ್‌ನ ಬ್ರೇಡ್, ಅಂದರೆ ಎಳೆಗಳನ್ನು ಹೆಣೆದ ದಾರ. ಇಲ್ಲಿ ಮಾನೊ, ಅಂದರೆ ನೈಲಾನ್ ದಾರ, ಬೇಡವೇ ಬೇಡ. ಅದು ರಬ್ಬರಿನಂತೆ ಹಿಗ್ಗುತ್ತದೆ.

ಒಂದು ಎಚ್ಚರಿಕೆ. ಅಮೆರಿಕದ ಪಟ್ಟಿಗಳಲ್ಲಿ ಕಪ್ಪೆಗೆ ಹೆವಿ ರಾಡ್ ಎಂದೇ ಬರೆದಿರುತ್ತದೆ. ಅಲ್ಲಿ ಅವರು ಲಾರ್ಜ್‌ಮೌತ್ ಬಾಸ್ ಮೀನಿಗೆ ಎಸೆಯುವ ಕಪ್ಪೆಗಳು 14ರಿಂದ 20 ಗ್ರಾಂ. ನಮ್ಮ ಪೇಟೆಯಲ್ಲಿ ಸಿಗುವ, ಕೊರವ ಇಷ್ಟಪಡುವ ಪುಟ್ಟ ಕಪ್ಪೆಗಳು 6ರಿಂದ 12 ಗ್ರಾಂ. ಅವರ ರಾಡಿನಲ್ಲಿ ನಮ್ಮ ಕಪ್ಪೆ ಹಾರುವುದಿಲ್ಲ. 8 ಗ್ರಾಂನದೇ ಜಾಸ್ತಿ ಎಸೆಯುವಿರಾದರೆ ಮೀಡಿಯಂ ಪವರಿನ, 5ರಿಂದ 18 ಗ್ರಾಂ ಬರೆದ ರಾಡ್ ನೋಡಿ.

ಇನ್ನೊಂದು ಮಾತು, ರಾಡಿಗೆ ಸಂಬಂಧವಿಲ್ಲದ್ದು. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಕಿತ್ತಳೆ ಬಣ್ಣದ ಮರಿಗಳ ಗುಂಪು ಕುದಿಯುವ ಹಾಗೆ ಕಂಡರೆ ಅಲ್ಲಿಗೆ ಎಸೆಯಬೇಡಿ. ಕೆಳಗೆ ಅಪ್ಪ ಅಮ್ಮ ಕಾವಲಿವೆ. ಕಪ್ಪೆ ಬಿದ್ದರೆ ಹಸಿವಿಗಲ್ಲ, ಸಿಟ್ಟಿಗೆ ಹೊಡೆಯುತ್ತವೆ. ಅವನ್ನು ಹಿಡಿದರೆ ಮರಿಗಳನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ. ಅದರಲ್ಲಿ ಏನು ಜಾಣತನ?

ಕ್ರ್ಯಾಂಕ್‌ಬೈಟ್‌ಗೂ ಅದೇ ರಾಡ್ ನಡೆಯುತ್ತದಾ?

ನಡೆಯುತ್ತದೆ, ಆದರೆ ಮೀನು ತಪ್ಪಿಸಿಕೊಂಡು ನಿಮಗೆ ಬೇಜಾರಾಗುತ್ತದೆ. ಕ್ರ್ಯಾಂಕ್‌ಬೈಟ್‌ಗೆ ಮುಂದೆ ಪ್ಲಾಸ್ಟಿಕ್ ನಾಲಿಗೆ ಇರುತ್ತದೆ, ಎಳೆದರೆ ನೀರಿನೊಳಗೆ ಧುಮುಕಿ ಕುಲುಕಾಡುತ್ತಾ ಬರುತ್ತದೆ. ಕೊಕ್ಕೆಗಳು ಮೂರು ಮುಳ್ಳಿನ ಸಣ್ಣವು. ಅವು ಬಾಯಿಯ ಚರ್ಮಕ್ಕೆ ಅಷ್ಟೇ ಚುಚ್ಚಿರುತ್ತವೆ. ಗಟ್ಟಿ ರಾಡಿನಲ್ಲಿ ಜಗ್ಗಿದರೆ ಹರಿದು ಬರುತ್ತವೆ. ಜೊತೆಗೆ ಮೀನು ಕಚ್ಚಿದ ತಕ್ಷಣ ನೀವು ಸೆಳೆದುಬಿಡುತ್ತೀರಿ, ಲೂರ್ ಬಾಯೊಳಗೆ ಪೂರ್ತಿ ಹೋಗುವ ಮೊದಲೇ.

ಮೀಡಿಯಂ ಪವರ್, ಮಾಡರೇಟ್ ಆಕ್ಷನ್ ಇರಲಿ. ಗ್ಲಾಸ್ ಫೈಬರ್ ಅಥವಾ ಗ್ಲಾಸ್ ಕಾರ್ಬನ್ ಬೆರೆತ ರಾಡ್ ಆದರೆ ಇನ್ನೂ ಒಳ್ಳೆಯದು. "ಗ್ಲಾಸ್ ಹಳೇಕಾಲದ್ದು, ಅಗ್ಗದ್ದು" ಅಂತ ಮೂಗು ಮುರಿಯುವವರಿದ್ದಾರೆ. ಕ್ರ್ಯಾಂಕ್‌ಬೈಟ್‌ಗಾಗಿಯೇ ದುಬಾರಿ ಗ್ಲಾಸ್ ರಾಡ್ ಮಾಡುವ ಕಂಪನಿಗಳಿವೆ. ರೀಲ್ ನಿಧಾನದ್ದು, 5:1ರಿಂದ 6:1. ಆಳಕ್ಕೆ ಹೋಗುವ ದೊಡ್ಡ ನಾಲಿಗೆಯ ಲೂರ್ ನೀರನ್ನು ಎಷ್ಟು ತಡೆಯುತ್ತದೆ ಎಂದರೆ 8:1 ರೀಲಿನಲ್ಲಿ ಅರ್ಧ ಗಂಟೆ ಎಳೆದರೆ ಮಣಿಕಟ್ಟು ಕೈ ಕೊಡುತ್ತದೆ.

ಸ್ಪಿನ್ನರ್‌ಬೈಟ್, ಸ್ಪೂನ್, ಬ್ಲೇಡ್ ಇರುವ ಲೂರ್‌ಗಳು?

ಮೀಡಿಯಂ ಅಥವಾ ಮೀಡಿಯಂ ಹೆವಿ, ಮಾಡರೇಟ್ ಫಾಸ್ಟ್, 6.3:1 ಆಸುಪಾಸಿನ ರೀಲ್. ಸ್ಪೂನ್ ಬಲು ಒಳ್ಳೆಯ ಗುರು. ಗಟ್ಟಿ ಲೋಹ, ಗಾಳಿಗೆ ಜಗ್ಗುವುದಿಲ್ಲ, ನೇರ ಹಾರುತ್ತದೆ. ಹೊಸಬರು 14 ಗ್ರಾಂ ಸ್ಪೂನಿನಲ್ಲೇ ಕಲಿಯಲಿ. ಸ್ಪಿನ್ನರ್‌ಬೈಟ್ ಉಲ್ಟಾ. ಅಗಲವಾದ ತಂತಿ, ಬ್ಲೇಡು, ಸ್ಕರ್ಟು, ಎಲ್ಲ ಸೇರಿ ಗಾಳಿ ಹಿಡಿದು ನಡುವೆಯೇ ವೇಗ ಕಳೆದುಕೊಳ್ಳುತ್ತದೆ. ಸ್ಪೂಲಿನ ಓಟ ತಡೆಯುವ ಬ್ರೇಕ್ ಸ್ವಲ್ಪ ಜಾಸ್ತಿ ಇಡಿ.

ಅಳಿವೆಯಲ್ಲಿ ಮಿನ್ನೋ, ಪೆನ್ಸಿಲ್, ಪಾಪರ್ ಎಸೆಯಲು?

ಕರಾವಳಿಯ ಅಳಿವೆಗಳು, ಅಘನಾಶಿನಿ, ಶರಾವತಿ, ಗಂಗೊಳ್ಳಿ, ನೇತ್ರಾವತಿ, ಇವುಗಳ ಆಟವೇ ಬೇರೆ. ಇಲ್ಲಿ ಕಾಂಡ್ಲಾ ಬೇರಿನ ಬುಡದಲ್ಲಿ ಕೆಂಬೇರಿ ಮೀನು ಕೂತಿರುತ್ತದೆ. ಕಚ್ಚಿದ ಕೂಡಲೇ ಅದರ ಕೆಲಸ ಒಂದೇ, ವಾಪಸ್ ಬೇರಿನೊಳಗೆ ನುಗ್ಗುವುದು. ನಿಮಗೆ ಸಿಗುವುದು ಎರಡು ಸೆಕೆಂಡ್. ಅಷ್ಟರಲ್ಲಿ ತಲೆ ತಿರುಗಿಸದಿದ್ದರೆ ದಾರ ಬೇರಿಗೆ ಸುತ್ತಿ ಕಥೆ ಮುಗಿಯಿತು.

ಎಸೆಯುವುದು 9ರಿಂದ 11 ಸೆಂಟಿಮೀಟರ್ ಉದ್ದದ, 12ರಿಂದ 20 ಗ್ರಾಂನ ಮಿನ್ನೋ, ಅಂದರೆ ಸಣ್ಣ ಮೀನಿನ ಆಕಾರದ ಲೂರ್. ದೋಣಿಯಿಂದಾದರೆ 6 ಅಡಿ 6 ಇಂಚಿನ ಮೀಡಿಯಂ ಹೆವಿ ಸಾಕು. ಗಿಡ್ಡ ರಾಡಿನ ಇನ್ನೊಂದು ಲಾಭ: ಪೆನ್ಸಿಲ್, ಪಾಪರ್‌ನಂಥ ನೀರಿನ ಮೇಲೆ ಆಡುವ ಲೂರ್ ಅಥವಾ ಮಿನ್ನೋವನ್ನು ಕುಣಿಸಲು ರಾಡ್ ತುದಿಯನ್ನು ಕೆಳಗೆ ಹಿಡಿದು ಚಿಮ್ಮಬೇಕು. ಉದ್ದದ ರಾಡ್ ನೀರಿಗೆ ಬಡಿಯುತ್ತದೆ. ದಡದಿಂದ, ಬಂಡೆಗಳ ಮೇಲಿಂದ ಎಸೆಯುವುದಾದರೆ 7 ಅಡಿ ದಾಟಲಿ.

ದಾರ ಪಿಇ 2ರಿಂದ ಪಿಇ 3ರ ಬ್ರೇಡ್ (ಪಿಇ ಎನ್ನುವುದು ಬ್ರೇಡ್ ದಾರದ ದಪ್ಪ ಹೇಳುವ ಸಂಖ್ಯೆ). ತುದಿಗೆ ಲೀಡರ್, ಅಂದರೆ ಮುಖ್ಯ ದಾರಕ್ಕೂ ಲೂರ್‌ಗೂ ನಡುವಿನ ತುಂಡು ದಾರ, 30ರಿಂದ 40 ಪೌಂಡ್‌ನ ಫ್ಲೋರೊಕಾರ್ಬನ್‌ನದು ಒಂದು ಮಾರು ಕಟ್ಟಿ. ಬಾರಾಮುಂಡಿ ಮೀನು ಸಿಗುವ ಜಾಗವಾದರೆ ಲೀಡರ್ ಇನ್ನೂ ದಪ್ಪ ಇರಲಿ. ಅದರ ಕಿವಿರು ಮುಚ್ಚಳದ ಅಂಚು ಬ್ಲೇಡಿನಂತಿರುತ್ತದೆ, ದಾರವನ್ನೂ ಕೊಯ್ಯುತ್ತದೆ, ಬೆರಳನ್ನೂ ಕೊಯ್ಯುತ್ತದೆ. ಅಗ್ಗದ ಲೂರ್ ಜೊತೆ ಬರುವ ತೆಳು ಕೊಕ್ಕೆಗಳನ್ನು ನೀರಿಗೆ ಹೋಗುವ ಮೊದಲೇ ಬದಲಿಸಿ. ಇಲ್ಲಿನ ಮೀನು ಅವನ್ನು ತಂತಿಯಂತೆ ನೆಟ್ಟಗೆ ಮಾಡಿಬಿಡುತ್ತದೆ.

ಜಿಗ್, ಟೆಕ್ಸಾಸ್ ರಿಗ್, ರಬ್ಬರ್ ಮೀನು?

ಇವೆಲ್ಲ ತಳಕ್ಕೆ ಇಳಿಸಿ ಕೈಬೆರಳಲ್ಲಿ ಕೇಳುವ ಲೂರ್‌ಗಳು. ಕಲ್ಲು ತಾಗಿತಾ, ಮೀನು ಮುಟ್ಟಿತಾ ಎಂದು ಗೊತ್ತಾಗಬೇಕು. ಕಾರ್ಬನ್ ರಾಡ್, ಫಾಸ್ಟ್ ಆಕ್ಷನ್, ಮೀಡಿಯಂ ಹೆವಿ. ರೀಲ್ 7:1 ಮೇಲೆ, ಏಕೆಂದರೆ ಇಲ್ಲಿ ಲೂರ್ ಅನ್ನು ಆಡಿಸುವುದು ರಾಡ್. ರೀಲ್ ಬರೀ ಸಡಿಲು ದಾರ ಸುತ್ತುತ್ತದೆ. ನಿಮ್ಮ ಬಳಿ ಕಪ್ಪೆ ಸೆಟ್ ಇದ್ದರೆ ಇದಕ್ಕೂ ಅದೇ ಸಾಕು.

ದೊಡ್ಡ ಸ್ವಿಮ್‌ಬೈಟ್?

ಈಜುವ ಮೀನಿನಂಥ ಈ ಲೂರ್ 50 ಗ್ರಾಂ ದಾಟಿದರೆ ಅದಕ್ಕೆಂದೇ ಮಾಡಿದ ಹೆವಿ ರಾಡ್, 300 ಸೈಜಿನ ದೊಡ್ಡ ರೀಲ್ ಬೇಕು. ಮಾಮೂಲಿ ರಾಡಿನಲ್ಲಿ ಜೋರಾಗಿ ಬೀಸಿದರೆ ರಾಡ್ ಮುರಿಯುತ್ತದೆ.

ಮೂರು ನಾಲ್ಕು ಗ್ರಾಂನ ಪುಟಾಣಿ ಲೂರ್ ಬೈಟ್‌ಕಾಸ್ಟರಿನಲ್ಲಿ ಎಸೆಯಲು ಆಗುವುದೇ ಇಲ್ವಾ?

ಆಗುತ್ತದೆ, ಖರ್ಚಾಗುತ್ತದೆ. ಹಾರುವ ಲೂರ್ ಸ್ಪೂಲನ್ನು ನಿಂತಲ್ಲಿಂದ ತಿರುಗಿಸಬೇಕು. ಸ್ಪೂಲ್ ಮತ್ತು ಅದರ ಮೇಲಿನ ದಾರ ಲೂರ್‌ಗಿಂತ ಭಾರವಿದ್ದರೆ ಆ ಬಡಪಾಯಿ ಎಷ್ಟು ಎಳೆದೀತು? ಅದಕ್ಕೆ ಜಪಾನಿನವರು ಬೈಟ್ ಫಿನೆಸ್ ಎಂಬ ದಾರಿ ಕಂಡುಕೊಂಡರು. ಹಗುರ ಲೋಹದ, ಆಳವಿಲ್ಲದ ಸ್ಪೂಲ್, ಅದರ ಮೇಲೆ ಸ್ವಲ್ಪವೇ ತೆಳು ದಾರ, ಮೃದು ರಾಡ್. ಹಳ್ಳ, ತೊರೆಗಳಲ್ಲಿ ಮಜಾ ಕೊಡುತ್ತದೆ. ಮೊದಲ ಸೆಟ್ ಆಗಿ ಮಾತ್ರ ಬೇಡ.

ಗೇರ್ ರೇಶಿಯೋ ಅಂದರೆ ಏನು? ಜಾಸ್ತಿ ಇದ್ದಷ್ಟೂ ಒಳ್ಳೆಯದಾ?

ಹಿಡಿಕೆ ಒಂದು ಸುತ್ತು ತಿರುಗಿದರೆ ಸ್ಪೂಲ್ ಎಷ್ಟು ಸುತ್ತು ತಿರುಗುತ್ತದೆ ಎನ್ನುವ ಲೆಕ್ಕ. ಸೈಕಲ್ ಗೇರ್ ಇದ್ದ ಹಾಗೆ. ಏರು ಹತ್ತಲು ಒಂದು, ಬಯಲಲ್ಲಿ ಓಡಲು ಇನ್ನೊಂದು.

ಆದರೆ ಅದೊಂದೇ ನೋಡಿದರೆ ಸಾಲದು. ಸ್ಪೂಲಿನ ವ್ಯಾಸವೂ ಸೇರಬೇಕು. 34 ಮಿಲಿಮೀಟರ್ ಸ್ಪೂಲ್ ತುಂಬಾ ದಾರ ಇದ್ದರೆ ಒಂದು ಸುತ್ತಿಗೆ ಸುಮಾರು 10.7 ಸೆಂಟಿಮೀಟರ್ ದಾರ. 5.4:1 ರೀಲ್ ಹಿಡಿಕೆಯ ಒಂದು ಸುತ್ತಿಗೆ 58 ಸೆಂಟಿಮೀಟರ್ ಎಳೆಯುತ್ತದೆ, 6.3:1 ಆದರೆ 67, 8.1:1 ಆದರೆ 86. ದಾರ ಅರ್ಧ ಹೊರಗಿದ್ದಾಗ ಇದು ಇನ್ನೂ ಕಡಿಮೆಯಾಗುತ್ತದೆ.

ವೇಗದ ರೀಲನ್ನು ನಿಧಾನವಾಗಿ ಸುತ್ತಬಹುದಲ್ಲ ಎನ್ನುತ್ತಾರೆ. ಮಾತು ಸರಿ, ಆದರೆ ಮೀನು ಬರದೆ ಬೇಸರವಾದಾಗ ಕೈ ತಾನಾಗಿ ವೇಗ ಹಿಡಿಯುತ್ತದೆ. ಕ್ರ್ಯಾಂಕ್‌ಬೈಟ್ ಎಳೆಯುವವರಿಗೆ ನಿಧಾನದ ರೀಲ್ ಒಂದು ಕಡಿವಾಣ. ಒಂದೇ ರೀಲ್ ಕೊಳ್ಳುವುದಾದರೆ 7:1ರ ಹತ್ತಿರದ್ದು ಕೊಳ್ಳಿ.

ಮ್ಯಾಗ್ನೆಟಿಕ್, ಸೆಂಟ್ರಿಫ್ಯುಗಲ್, ಡಿಸಿ: ಯಾವ ಬ್ರೇಕ್ ಒಳ್ಳೆಯದು?

ಸೆಂಟ್ರಿಫ್ಯುಗಲ್‌ನಲ್ಲಿ ಸ್ಪೂಲ್ ಪಕ್ಕದ ಪುಟ್ಟ ತುಂಡುಗಳು ವೇಗಕ್ಕೆ ಹೊರಚಾಚಿ ಒಂದು ಬಳೆಗೆ ಉಜ್ಜುತ್ತವೆ. ವೇಗ ಹೆಚ್ಚಿದ್ದಾಗ ಹಿಡಿತ ಹೆಚ್ಚು, ಕೊನೆಯಲ್ಲಿ ಸಡಿಲ. ಹೀಗಾಗಿ ದೂರ ಹೋಗುತ್ತದೆ. ಹಲವು ರೀಲ್‌ಗಳಲ್ಲಿ ಅದನ್ನು ಬದಲಿಸಲು ಪಕ್ಕದ ಮುಚ್ಚಳ ತೆಗೆಯಬೇಕು. ಮ್ಯಾಗ್ನೆಟಿಕ್‌ನಲ್ಲಿ ಅಯಸ್ಕಾಂತಗಳು ಮುಟ್ಟದೆಯೇ ಸ್ಪೂಲನ್ನು ಹಿಡಿಯುತ್ತವೆ. ಹೊರಗಿನ ಗುಂಡಿ ತಿರುಗಿಸಿದರೆ ಆಯಿತು. ಗಾಳಿ ದಿಕ್ಕು ಬದಲಿಸುತ್ತಲೇ ಇರುವ ದೊಡ್ಡ ಕೆರೆಯಲ್ಲಿ, ಲೂರ್ ಆಗಾಗ ಬದಲಿಸುವವರಿಗೆ ಇದು ಸಲೀಸು.

ಡಿಸಿ ಎನ್ನುವುದು ಶಿಮಾನೊ ಕಂಪನಿಯದು. ಒಳಗೆ ಪುಟ್ಟ ಕಂಪ್ಯೂಟರ್ ಇದೆ, ಸ್ಪೂಲಿನ ವೇಗ ಅಳೆದು ತಾನೇ ಬ್ರೇಕ್ ಹಾಕುತ್ತದೆ. ಬ್ಯಾಟರಿ ಬೇಡ, ಸ್ಪೂಲ್ ತಿರುಗುವುದರಿಂದಲೇ ವಿದ್ಯುತ್ ಹುಟ್ಟುತ್ತದೆ. ಎಸೆದಾಗ ಜೀರುಂಡೆ ಥರ ಕಿರ್ರೆನ್ನುವ ಸದ್ದು. ಚೆನ್ನಾಗಿದೆ, ದುಬಾರಿ. ಆದರೂ ಹೆಬ್ಬೆರಳಿಗೆ ರಜೆ ಸಿಗುವುದಿಲ್ಲ. ನನ್ನನ್ನು ಕೇಳಿದರೆ ಹೊಸಬರಿಗೆ ಮ್ಯಾಗ್ನೆಟಿಕ್ ಸಾಕು.

ಪ್ರತಿ ಸಲ ಗೂಡು ಕಟ್ಟುತ್ತದೆ. ಏನು ಮಾಡಲಿ?

ಇಂಗ್ಲಿಷಿನವರು ಇದನ್ನು ಹಕ್ಕಿಗೂಡು ಎನ್ನುತ್ತಾರೆ. ಗೀಜಗ ಆದರೂ ನೀಟಾಗಿ ಹೆಣೆಯುತ್ತದೆ, ಇದು ಕಾಗೆ ಗೂಡು. ಎಲ್ಲರಿಗೂ ಆಗುತ್ತದೆ, ಹತ್ತು ವರ್ಷ ಎಸೆದವರಿಗೂ.

ಮೊದಲು ಕೆರೆಗೆ ಹೋಗಬೇಡಿ, ಮೈದಾನಕ್ಕೆ ಹೋಗಿ. ಕೊಕ್ಕೆ ಇಲ್ಲದ 14 ಗ್ರಾಂ ಸೀಸದ ಗುಂಡು ಕಟ್ಟಿ. ಹಿಡಿಕೆ ಪಕ್ಕದ ಟೆನ್ಷನ್ ಗುಂಡಿಯನ್ನು ಬಿಗಿ ಮಾಡಿ, ಸ್ಪೂಲ್ ಬಿಟ್ಟರೆ ಗುಂಡು ನಿಧಾನವಾಗಿ ಇಳಿಯಬೇಕು, ನೆಲ ಮುಟ್ಟಿದಾಗ ಸ್ಪೂಲ್ ನಿಲ್ಲಬೇಕು. ಬ್ರೇಕ್ ಪೂರ್ತಿಯ ಹತ್ತಿರ ಇಡಿ. ಆಮೇಲೆ ಇಪ್ಪತ್ತು ಮೀಟರ್ ದೂರಕ್ಕೆ ಮೆತ್ತಗೆ ಎಸೆಯಿರಿ. ಜೋರು ಬೇಡ. ಚಾಟಿ ಬೀಸಿದ ಹಾಗೆ ಝಾಡಿಸಿದರೆ ಸ್ಪೂಲ್ ಒಮ್ಮೆಲೇ ಹುಚ್ಚು ವೇಗ ಹಿಡಿಯುತ್ತದೆ, ಲೂರ್ ಹಿಂದೆ ಬೀಳುತ್ತದೆ. ಪಕ್ಕದಿಂದ ದುಂಡಗೆ ಬೀಸಿ, ರಾಡ್ ಬಾಗಿ ತಾನೇ ಎಸೆಯಲಿ. ಗುಂಡು ನೆಲ ಮುಟ್ಟುವ ಮೊದಲೇ ಹೆಬ್ಬೆರಳು ಸ್ಪೂಲನ್ನು ಒತ್ತಿರಬೇಕು. ಕಣ್ಣು ಗುಂಡಿನ ಮೇಲಿರಲಿ, ರೀಲಿನ ಮೇಲಲ್ಲ.

ಒಂದು ಉಪಾಯ: ಮೊದಲು ಮೂವತ್ತು ಮೀಟರ್ ದಾರ ಹೊರಗೆಳೆದು, ಉಳಿದ ದಾರದ ಮೇಲೆ ಒಂದು ಸುತ್ತು ಟೇಪ್ ಅಂಟಿಸಿ, ಮತ್ತೆ ಸುತ್ತಿಕೊಳ್ಳಿ. ಗೂಡು ಕಟ್ಟಿದರೂ ಟೇಪ್‌ಗಿಂತ ಒಳಗೆ ಹೋಗುವುದಿಲ್ಲ. ಕೈ ಪಳಗಿದ ಮೇಲೆ ತೆಗೆದುಬಿಡಿ.

ಕಟ್ಟಿದ ಗೂಡು ಬಿಡಿಸುವುದು?

ಸಿಕ್ಕಸಿಕ್ಕ ಎಳೆ ಎಳೆಯಬೇಡಿ. ಸ್ಪೂಲನ್ನು ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿ, ಹಿಡಿಕೆಯನ್ನು ಎರಡು ಮೂರು ಸುತ್ತು ಮುಂದಕ್ಕೆ ತಿರುಗಿಸಿ. ಆಮೇಲೆ ಸ್ಪೂಲ್ ಬಿಡಿಸುವ ಬಟನ್ ಒತ್ತಿ ದಾರವನ್ನು ಮೆತ್ತಗೆ ಎಳೆಯಿರಿ. ಅರ್ಧಕ್ಕಿಂತ ಜಾಸ್ತಿ ಗೂಡುಗಳು ಇಷ್ಟಕ್ಕೇ ಬಿಡುತ್ತವೆ. ಬಿಡದಿದ್ದರೆ ಪಿನ್ನಿನಿಂದ ಕುಣಿಕೆಗಳನ್ನು ಒಂದೊಂದಾಗಿ ಎತ್ತಿ. ಮೀನು ಜೋರಾಗಿ ಏಳುತ್ತಿರುವ ಹೊತ್ತಲ್ಲೇ ಇದಾಗುತ್ತದೆ ಎನ್ನುವುದು ಬೇರೆ ಮಾತು.

ಯಾವ ದಾರ ಹಾಕಲಿ?

ಮೂರು ಬಗೆ. ಮಾನೊ ಹಿಗ್ಗುತ್ತದೆ, ಅಗ್ಗ, ಗೂಡು ಬಿಡಿಸಲು ಸುಲಭ. ಕಲಿಯುವಾಗ 12ರಿಂದ 14 ಪೌಂಡ್ ಮಾನೊ ಹಾಕಿ. ಫ್ಲೋರೊಕಾರ್ಬನ್ ನೀರಲ್ಲಿ ಕಡಿಮೆ ಕಾಣುತ್ತದೆ, ಆದರೆ ಮುಳುಗುತ್ತದೆ, ಹಾಗಾಗಿ ಮೇಲೆ ತೇಲುವ ಲೂರ್‌ಗೆ ಅದು ಬೇಡ, ತಲೆ ಕೆಳಗೆ ಎಳೆಯುತ್ತದೆ. ಬ್ರೇಡ್ ಹಿಗ್ಗುವುದಿಲ್ಲ, ತೇಲುತ್ತದೆ, ತೆಳ್ಳಗಿದ್ದರೂ ಭಾರ ತಡೆಯುತ್ತದೆ.

ಆ ತೆಳ್ಳಗಿನ ಆಸೆಗೆ ಬಿದ್ದು 15 ಪೌಂಡ್ ಬ್ರೇಡ್ ಹಾಕಬೇಡಿ. ದೊಡ್ಡ ಮೀನು ಎಳೆದಾಗ ಅದು ಸುತ್ತುಗಳ ಮಧ್ಯೆ ಹೂತುಹೋಗುತ್ತದೆ. ಮುಂದಿನ ಎಸೆತದಲ್ಲಿ ಸ್ಪೂಲ್ ಗಕ್ಕನೆ ನಿಂತು ಲೂರ್ ಕಿತ್ತುಕೊಂಡು ಹಾರುತ್ತದೆ. ಮಾಮೂಲಿ ಸೈಜಿನ ಬೈಟ್‌ಕಾಸ್ಟರ್‌ಗೆ 30 ಪೌಂಡ್‌ಗಿಂತ ಕೆಳಗೆ ಇಳಿಯದಿದ್ದರೆ ಕ್ಷೇಮ. ಬ್ರೇಡ್ ಅನ್ನು ನುಣುಪು ಸ್ಪೂಲಿಗೆ ನೇರ ಕಟ್ಟಿದರೆ ಪೂರ್ತಿ ಉಂಡೆಯೇ ಜಾರುತ್ತದೆ, ಕೆಳಗೆ ಹತ್ತಿಪ್ಪತ್ತು ಸುತ್ತು ಮಾನೊ ಇರಲಿ. ದಾರ ತುಂಬುವುದನ್ನು ಸ್ಪೂಲಿನ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗೆ ನಿಲ್ಲಿಸಿ.

ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ಬಿಗಿತ? ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗ. ಕಳೆಯಲ್ಲಿ ಕೊರವಕ್ಕೆ ಎಸೆಯುವಾಗ ಮಾತ್ರ ಪೂರ್ತಿ ಬಿಗಿ.

ಎಡಗೈ ರೀಲಾ, ಬಲಗೈ ರೀಲಾ?

ನೀವು ಸ್ಪಿನ್ನಿಂಗ್ ರೀಲನ್ನು ಯಾವ ಕೈಯಲ್ಲಿ ಸುತ್ತುತ್ತೀರೋ ಅದೇ. ಹಳಬರು ಬಲಗೈಯಲ್ಲಿ ಎಸೆದು, ರಾಡ್ ಕೈ ಬದಲಿಸಿ ಬಲಗೈಯಲ್ಲೇ ಸುತ್ತುತ್ತಾರೆ. ಅಭ್ಯಾಸ ಅಷ್ಟೇ. ಆದರೆ ಕೊಂಡ ಮೇಲೆ ಹಿಡಿಕೆಯನ್ನು ಆಚೆ ಬದಿಗೆ ಹಾಕಲು ಬರುವುದಿಲ್ಲ, ನೋಡಿ ಕೊಳ್ಳಿ.

ಬೇರಿಂಗ್ ಜಾಸ್ತಿ ಇದ್ದರೆ ರೀಲ್ ಒಳ್ಳೆಯದಾ?

ಇಲ್ಲ. ಐದು ಒಳ್ಳೆಯ ಬೇರಿಂಗ್ ಹದಿನೆಂಟು ಕೆಟ್ಟ ಬೇರಿಂಗ್‌ಗಿಂತ ಮೇಲು.

ಉಪ್ಪುನೀರಿನಲ್ಲಿ ಬಳಸಿದರೆ ಹಾಳಾಗುತ್ತದಾ?

ತೊಳೆಯದಿದ್ದರೆ ಖಂಡಿತ. ಮನೆಗೆ ಬಂದ ಕೂಡಲೇ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ಮೇಲಿಂದ ಮೆತ್ತಗೆ ಸುರಿಯಿರಿ. ಬಕೆಟ್ಟಿನಲ್ಲಿ ಮುಳುಗಿಸಬೇಡಿ, ಪೈಪಿನ ಜೋರು ನೀರೂ ಬೇಡ. ಎರಡೂ ಉಪ್ಪನ್ನು ಒಳಗೆ ತಳ್ಳುತ್ತವೆ. ಒರೆಸಿ, ಡ್ರ್ಯಾಗ್ ಸಡಿಲಿಸಿ ನೆರಳಲ್ಲಿ ಒಣಗಿಸಿ. ದಾರ ಹಂಚುವ ಹಲ್ಲಿನ ದಂಡಕ್ಕೆ ಒಂದು ಹನಿ ಎಣ್ಣೆ. ಮೆಗ್ನೀಸಿಯಂ ಚೌಕಟ್ಟಿನ ರೀಲ್ ಹಗುರ, ಆದರೆ ಉಪ್ಪಿಗೆ ಬೇಗ ತುಕ್ಕು ಹಿಡಿದು ಗುಳ್ಳೆ ಏಳುತ್ತದೆ. ಕರಾವಳಿಯವರು ಅಲ್ಯೂಮಿನಿಯಂ ನೋಡಿ.

ಕಾವೇರಿಯ ಬಿಳಿಮೀನಿಗೆ ಯಾವ ರೀಲ್?

ಬಿಳಿಮೀನು ಎಂದರೆ ಮಶೀರ್. ಈ ಪ್ರಶ್ನೆಯ ಹಿಂದೆ ಒಂದು ದೊಡ್ಡ ಕಥೆ ಇದೆ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಶೀರ್ ಇವತ್ತಿಗೂ ಮಾತಾಗಿದೆ. ಆಮೇಲೆ ಕಾವೇರಿ ದಡದ ಗಾಳಿಬೋರೆ, ಭೀಮೇಶ್ವರಿ, ದೊಡ್ಡಮಾಕಳಿ ಶಿಬಿರಗಳಿಗೆ ಹೊರದೇಶದವರು ಹುಡುಕಿಕೊಂಡು ಬಂದರು. ದುಂಡನೆಯ ದೊಡ್ಡ ರೀಲು, ಕೊಕ್ಕೆಗೆ ರಾಗಿ ಹಿಟ್ಟಿನ ಉಂಡೆ.

ಈಗ ಆ ಡುಬ್ಬದ ಮಶೀರ್, ಟಾರ್ ರೆಮಾದೇವಿ, 2018ರಿಂದ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಕಾವೇರಿ ಕೊಳ್ಳ ಬಿಟ್ಟರೆ ಬೇರೆಲ್ಲೂ ಅದು ಇಲ್ಲ. ಕಾವೇರಿ ವನ್ಯಜೀವಿಧಾಮದ ಗಾಳದ ಶಿಬಿರಗಳೂ ನಿಂತಿವೆ. ಹಾಗಾಗಿ ಉತ್ತರ: ಯಾವ ರೀಲೂ ಬೇಡ. ಬೇರೆ ಮೀನಿಗೆ ಎಸೆದಾಗ ಮಶೀರ್ ಸಿಕ್ಕಿದರೆ ನೀರಿನಲ್ಲೇ ಕೊಕ್ಕೆ ಬಿಡಿಸಿ ಕಳಿಸಿ. ಮುಳ್ಳು ಒತ್ತಿದ ಕೊಕ್ಕೆ ಇದ್ದರೆ ಇದು ಅರ್ಧ ನಿಮಿಷದ ಕೆಲಸ.

ಯಾವ ಕೆರೆಯಲ್ಲಿ ಬೇಕಾದರೂ ಎಸೆಯಬಹುದಾ?

ಇಲ್ಲ. ಬಹಳಷ್ಟು ಕೆರೆಗಳ ಮೀನಿನ ಹಕ್ಕನ್ನು ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಅವರನ್ನು ಕೇಳಿ. ಅಭಯಾರಣ್ಯದೊಳಗೆ ಹೋಗಲೇಬೇಡಿ. ಕೆರೆಯ ಹಕ್ಕುದಾರರನ್ನು ಕೇಳಿದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ. ಸಾಕಿದ ಕಾಟ್ಲಾ ಮರಿಗಳನ್ನು ಕೊರವ ತಿನ್ನುತ್ತದೆ ಎಂದು ಅವರಿಗೂ ಸಿಟ್ಟಿರುತ್ತದೆ.

ಬೈಕಿನಲ್ಲಿ ಹೋಗುವವನು ನಾನು. ಎರಡು ತುಂಡಿನ ರಾಡ್ ತಗೊಂಡರೆ ನಷ್ಟವಾ?

ಹಿಂದೆ ಇತ್ತು. ಈಗಿನ ಜೋಡಣೆಗಳು ಚೆನ್ನಾಗಿವೆ, ಮೀನಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಹಿಡಿಕೆ ಮಾತ್ರ ಬೇರೆಯಾಗಿ ಮೇಲಿನದು ಉದ್ದ ಉಳಿಯುವ ರಾಡ್ ಬೈಕಿಗೆ ಕಷ್ಟ. ನಡುವಿಗೆ ಎರಡಾಗುವುದು ನೋಡಿ. ಎಸೆಯುವ ನಡುವೆ ಆಗಾಗ ಜೋಡಣೆ ಒತ್ತಿ ನೋಡುತ್ತಿರಿ. ಸಡಿಲವಾಗಿ ಎಸೆದರೆ ಅಲ್ಲೇ ಬಿರುಕು ಬಿಡುತ್ತದೆ.

ಒಂದೇ ಸೆಟ್ ಕೊಳ್ಳಲು ದುಡ್ಡಿದೆ. ಏನು ಕೊಳ್ಳಲಿ?

7 ಅಡಿ, ಮೀಡಿಯಂ ಹೆವಿ, ಫಾಸ್ಟ್, 7ರಿಂದ 21 ಗ್ರಾಂ ಅಥವಾ ಅದರ ಹತ್ತಿರ. 100 ಅಥವಾ 150 ಸೈಜಿನ ರೀಲ್, 7:1, ಮ್ಯಾಗ್ನೆಟಿಕ್ ಬ್ರೇಕ್. 40 ಪೌಂಡ್ ಬ್ರೇಡ್. ಕಪ್ಪೆ, ಸ್ಪೂನ್, ಜಿಗ್, ಮಿನ್ನೋ ಎಲ್ಲವೂ ನಡೆಯುತ್ತದೆ, ಕ್ರ್ಯಾಂಕ್‌ಬೈಟ್ ತಕ್ಕಮಟ್ಟಿಗೆ. ದುಡ್ಡನ್ನು ರೀಲಿಗೆ ಸ್ವಲ್ಪ ಜಾಸ್ತಿ ಹಾಕಿ. ಸ್ಪಿನ್ನಿಂಗ್‌ನಲ್ಲಿ ಅಗ್ಗದ ರೀಲ್ ಸಹಿಸಿಕೊಳ್ಳಬಹುದು. ಬೈಟ್‌ಕಾಸ್ಟಿಂಗ್‌ನಲ್ಲಿ ಅಗ್ಗದ ಬ್ರೇಕ್ ನಿಮ್ಮನ್ನು ಒಂದೇ ವಾರದಲ್ಲಿ ಈ ಹವ್ಯಾಸದಿಂದಲೇ ಓಡಿಸುತ್ತದೆ.

ಅಂಗಡಿಯಲ್ಲಿ ಏನೇನು ನೋಡಬೇಕು?

ಜೇಬಿನಲ್ಲಿ ನಿಮ್ಮ ಲೂರ್ ಇರಲಿ. ರಾಡ್ ತುದಿಗೆ ಅದನ್ನು ತೂಗುಹಾಕಿ ಮೆಲ್ಲಗೆ ಆಡಿಸಿ. ತುದಿ ಸ್ವಲ್ಪ ತಲೆಬಾಗಬೇಕು. ಅಲ್ಲಾಡದಿದ್ದರೆ ರಾಡ್ ಗಟ್ಟಿ ಜಾಸ್ತಿ, ಪೂರ್ತಿ ಜೋತುಬಿದ್ದರೆ ಮೆತ್ತಗೆ ಜಾಸ್ತಿ. ರೀಲ್ ಕೂರಿಸಿ ಹಿಡಿಯಿರಿ, ಹೆಬ್ಬೆರಳು ಎಳೆದಾಡದೆ ಸ್ಪೂಲಿಗೆ ಸಿಗಬೇಕು. ಸಣ್ಣ ಕೈಯವರಿಗೆ 200 ಸೈಜ್ ಅಲ್ಲೇ ತೊಡಕಾಗುತ್ತದೆ. ಕೊನೆಗೆ ರಾಡಿನ ಪ್ರತಿ ಬಳೆಯೊಳಗೂ ಕಿವಿ ಸ್ವಚ್ಛ ಮಾಡುವ ಹತ್ತಿಯ ಕಡ್ಡಿಯನ್ನು ಒಂದು ಸುತ್ತು ತಿರುಗಿಸಿ ನೋಡಿ. ಹತ್ತಿಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ಬೇರೆ ರಾಡ್ ಕೇಳಿ.